ತಡ್ಕೊಳ್ಳೋದು ಯಾಕೆ?

ಗರ್ಭಕೋಶ ತೆಗೆಸಿಕೊಂಡ ಮರುದಿನ ಊರಿಗೆ ಫೋನ್ ಮಾಡಿ, "ಎದ್ದು ಓಡಾಡ್ತಿದ್ದೀನಿ ಅಕ್ಕ, ನೋವು ಅಷ್ಟಿಲ್ಲ" ಅಂದೆ. "ಹಾಗಾದ್ರೆ ನಿಂದು ದೊಡ್ಡ ಆಪರೇಷನ್ ಅಲ್ಲ ಬಿಡು" ಅಂದಳು. ಮನಸ್ಸಿಗೆ ಚುಚ್ಚಿತು. ನನಗೂ ಅವಳ ಹಾಗೆ ಹೊಟ್ಟೆ ಕೊಯ್ದೇ ಮಾಡಿದ್ದರು.

ಅಕ್ಕನಿಗೆ ಆದಾಗ ಪಕ್ಕದಲ್ಲಿ ನಾನೇ ಇದ್ದೆ. ತಡೆಯಲಾರದೆ ನರಳಿದ ಮೇಲೆ ಇಂಜೆಕ್ಷನ್ ಬರುತ್ತಿತ್ತು. ಸ್ವಲ್ಪ ಮಂಪರು, ಆಮೇಲೆ ವಾಂತಿ, ಎಚ್ಚರವಾದರೆ ಮತ್ತೆ ಅದೇ ನೋವು. ಕೆಮ್ಮು ಬಂದರೆ ಎರಡೂ ಕೈಯಲ್ಲಿ ಹೊಲಿಗೆ ಒತ್ತಿಕೊಂಡು ಅಳುತ್ತಿದ್ದಳು. "ತಡ್ಕೊಳ್ಳಮ್ಮ, ಎಲ್ಲರಿಗೂ ಆಗೋದೇ" ಅನ್ನುವ ಮಾತು ಬೇರೆ.

ಇಲ್ಲಿ ಆಪರೇಷನ್‌ಗೆ ಮೊದಲೇ ಅರಿವಳಿಕೆ ಡಾಕ್ಟರ್ ಬಂದು ಕೂತು ಎಲ್ಲ ಹೇಳಿದರು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಹೊಟ್ಟೆಯ ಎರಡೂ ಪಕ್ಕಕ್ಕೆ ಸೂಜಿ ಹಾಕಿ, ಸ್ನಾಯುಗಳ ಪದರದ ನಡುವೆ ನರಗಳು ಹಾದುಹೋಗುವ ಕಡೆ ಬುಪಿವಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬಿಡುತ್ತಾರಂತೆ. ಇದೇ ಟ್ಯಾಪ್ ಬ್ಲಾಕ್. ಸಾದಾ ಔಷಧಿಯಾದರೆ ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನದೊಳಗೆ ಇಳಿಯುತ್ತದೆ. ಅದನ್ನೇ ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿ, ನಿಧಾನವಾಗಿ ಹೊರಬರುವಂತೆ ಮಾಡಿದ್ದೂ ಇದೆ. ಅಮೆರಿಕದಲ್ಲಿ 2011ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಜೊತೆಗೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಹೊತ್ತುಹೊತ್ತಿಗೆ ತಂದುಕೊಟ್ಟರು. ನಾನು ಕೇಳಲೇ ಇಲ್ಲ. ಇಷ್ಟಕ್ಕೂ ಸಾಲದಿದ್ದರೆ ಮಾತ್ರ ಮಾರ್ಫಿನ್.

ನೋವು ಬರುವ ಮೊದಲೇ ಯೋಚನೆ ಮಾಡಿದ್ದರಲ್ಲ, ಅದು ನನಗೆ ತುಂಬಾ ಹಿಡಿಸಿತು. ನೋವಿಲ್ಲದಿದ್ದರೆ ತಾನೇ ಬೇಗ ಎದ್ದು ನಡೆಯೋದು, ಉಸಿರು ಪೂರ್ತಿ ಎಳೆದುಕೊಳ್ಳೋದು? ಮಲಗೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಸುಮ್ನೆ ಹಲ್ಲು ಕಚ್ಚಿ ಮಲಗಿದ್ದರಿಂದ ಅಕ್ಕನಿಗೆ ಏನೂ ಒಳ್ಳೆಯದಾಗಲಿಲ್ಲ. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಹಾಗಂತ ಬ್ಲಾಕ್‌ನಿಂದ ಎಲ್ಲ ನೋವೂ ಹೋಗುವುದಿಲ್ಲ. ಅದು ಹೊಟ್ಟೆಯ ಗೋಡೆಗೆ ಮಾತ್ರ. ಒಳಗೆ ಹಿಂಡುವ ನೋವು ನನಗೂ ಇತ್ತು. ಸಣ್ಣ ತೂತು ಮಾಡಿ ಲ್ಯಾಪರೋಸ್ಕೋಪಿಯಲ್ಲಿ ತೆಗೆದರೆ ಬ್ಲಾಕ್‌ನ ಲಾಭವೂ ಕಮ್ಮಿಯಂತೆ. ಗುಳ್ಳೆಯ ಔಷಧಿ ದುಬಾರಿ, ಸಾದಾ ಬುಪಿವಕೇನ್‌ಗಿಂತ ಅದು ಮೇಲು ಅಂತ ಎಲ್ಲ ಅಧ್ಯಯನಗಳಲ್ಲೂ ಕಂಡಿಲ್ಲ. ಯಾವ ಬುಪಿವಕೇನ್ ಆದರೂ ಪ್ರಮಾಣ ಮೀರಿ ರಕ್ತಕ್ಕೆ ಸೇರಿದರೆ ಹೃದಯಕ್ಕೇ ಅಪಾಯ. ಇನ್ನೊಂದು, ಅಕ್ಕನ ಆಪರೇಷನ್ ಆಗಿ ವರ್ಷಗಳೇ ಆದವು. ಈಗ ಊರಿನ ಕಡೆಯೂ ಬ್ಲಾಕ್ ಕೊಡುವ ಡಾಕ್ಟರ್‌ಗಳಿದ್ದಾರೆ.

ನಾದಿನಿಗೆ ಮುಂದಿನ ತಿಂಗಳು ಅಲ್ಲೇ ಇದೇ ಆಪರೇಷನ್. ಬ್ಲಾಕ್ ಕೊಡ್ತೀರಾ, ಅದು ಇಳಿದ ಮೇಲೆ ಏನು ಕೊಡ್ತೀರಾ ಅಂತ ಡಾಕ್ಟರನ್ನ ಮೊದಲೇ ಕೇಳು ಅಂತ ಹೇಳಿದ್ದೇನೆ.