ತ್ರೀ ಫೇಸ್ ಗಿಟಾರ್

ಹಳೆಯ ಮನೆಗಳಲ್ಲಿ ಬೇಡದ ಸಾಮಾನು ಎಂಬುದು ಇರುವುದೇ ಇಲ್ಲ. ಮೆತ್ತಿನ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿರುವ ಮುರುಕು ಮಂಚಕ್ಕೆ ಒಮ್ಮೆ ಕೈ ಹಾಕಿ ನೋಡಿ. ಆ ಕ್ಷಣದಿಂದ ಅದು ಅಜ್ಜನ ಮಂಚ. ಅದರ ಮೇಲೆ ಯಾರು ಹುಟ್ಟಿದರು, ಯಾರು ಕಣ್ಣು ಮುಚ್ಚಿದರು ಎಂಬ ಚರಿತ್ರೆಯೆಲ್ಲ ಅಡುಗೆಮನೆಯಿಂದ ಸಾಲುಗಟ್ಟಿ ಹೊರಬರುತ್ತದೆ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಇದು ಬೆಳಕಿಗೆ ಬಂದದ್ದು ನಾನು ಬ್ರಯಾನ್ ಮೇ ಅವರ ಗಿಟಾರಿನ ಪಡಿಯಚ್ಚು ಮಾಡಲು ಹೊರಟಾಗ.

ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್‌ನ ಗಿಟಾರ್ ವಾದಕ ಈ ಬ್ರಯಾನ್ ಮೇ 1963ರಲ್ಲಿ ಲಂಡನ್ನಿನ ಹದಿನಾರರ ಹುಡುಗ. ಅಂಗಡಿಯ ಫೆಂಡರ್ ಗಿಟಾರ್ ಕೊಳ್ಳುವಷ್ಟು ದುಡ್ಡಿಲ್ಲ. ಅಪ್ಪ ಹೆರಾಲ್ಡ್‌ಗೆ ಎಲೆಕ್ಟ್ರಾನಿಕ್ಸ್ ಗೊತ್ತು. ಇಬ್ಬರೂ ಸೇರಿ ಸುಮಾರು ಎರಡು ವರ್ಷ ಮನೆಯಲ್ಲೇ ಕುಳಿತು ಗಿಟಾರ್ ಕಟ್ಟಿದರು. ಗಿಟಾರಿನ ಕತ್ತು, ಅಂದರೆ ತಂತಿಗಳು ಹಾಯುವ ಉದ್ದನೆಯ ಭಾಗಕ್ಕೆ ಹಳೆಯ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ. ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದರು. ಒಡಲಿಗೆ ಹಳೆಯ ಮೇಜಿನ ಓಕ್. ತಂತಿಗಳ ಬಿಗಿ ಬದಲಿಸಿ ಸ್ವರ ಬಾಗಿಸುವ ಟ್ರೆಮೊಲೊಗೆ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್, ಅದರ ಹಿಡಿಕೆಗೆ ಸೈಕಲ್ ಚೀಲದ ಕಂಬಿ, ಹಿಡಿಕೆಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಕತ್ತಿನ ಮೇಲಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಒಟ್ಟು ಖರ್ಚು 8 ಪೌಂಡಿನ ಆಸುಪಾಸು ಎನ್ನುತ್ತಾರೆ. ಹೆಸರು ರೆಡ್ ಸ್ಪೆಷಲ್. 2002ರಲ್ಲಿ ಅವರು ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದ್ದೂ ಇದನ್ನೇ.

ಈ ಕಥೆಯಲ್ಲಿ ನಮ್ಮ ಅಪ್ಪನಿಗೆ ಹಿಡಿಸಿದ್ದು 8 ಪೌಂಡ್ ಎಂಬ ಅಂಕಿ ಮಾತ್ರ. ರೂಪಾಯಿಗೆ ಪರಿವರ್ತಿಸಿ, ಸಾವಿರ ರೂಪಾಯಿಯೂ ಆಗುವುದಿಲ್ಲ ಎಂದು ಖಚಿತಪಡಿಸಿಕೊಂಡು ಒಪ್ಪಿಗೆ ಕೊಟ್ಟ. 1963ರ ಪೌಂಡಿಗೂ ಈಗಿನ ಪೌಂಡಿಗೂ ಇರುವ ಅಂತರದ ಬಗ್ಗೆ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಶಿರಸಿ ಕಡೆಯ ಮನೆಗಳಲ್ಲಿ ಬೆಂಕಿಗೂಡು ಎಲ್ಲಿಂದ ಬರಬೇಕು? ಇರುವುದು ಬಚ್ಚಲ ಒಲೆ ಮತ್ತು ಅಡಿಕೆ ಬೇಯಿಸುವ ಒಲೆ. ಎರಡಕ್ಕೂ ಮರದ ಚೌಕಟ್ಟು ಕೂರಿಸುವ ದಡ್ಡ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಅಜ್ಜನ ಮಂಚ. ಅದು ಹಲಸಿನದು, ವೀಣೆಗೂ ಮೃದಂಗಕ್ಕೂ ಆಗುವ ಮರ ರಾಕ್ ಸಂಗೀತಕ್ಕೆ ಏಕೆ ಆಗಬಾರದು? ಮೂರು ದಿಕ್ಕಿನಿಂದ ಮಾತುಕತೆ ನಡೆದ ಮೇಲೆ ಆಯಿ, ಅಂದರೆ ನಮ್ಮ ಅಮ್ಮ, ಮಂಚದ ಒಂದು ಪಕ್ಕದ ಪಟ್ಟಿಯನ್ನು ಮಾತ್ರ ಬಿಟ್ಟುಕೊಟ್ಟಳು. ಅದರಲ್ಲಿ ತೂತುಗಳಿಗೇನೂ ಕೊರತೆ ಇರಲಿಲ್ಲ. ನಾನು ಸಂತೋಷದಿಂದ ಒಂದು ಪೊಟ್ಟಣ ಬೆಂಕಿಕಡ್ಡಿ ತಂದು ಮೂಲದಂತೆಯೇ ತುಂಬಿದೆ. ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ನುಣ್ಣನೆಯ ಹಳದಿ ಹುಡಿ. ಮತ್ತೆ ಗುಡಿಸಿದೆ, ಮತ್ತೆ ಹುಡಿ. ಬ್ರಯಾನ್ ಅವರ ಹುಳಗಳು ಎಂದೋ ಸತ್ತಿದ್ದವು. ನಮ್ಮವು ಇನ್ನೂ ಕೆಲಸದಲ್ಲಿದ್ದವು.

ಊರಿನ ಬಡಗಿ ಒಳ್ಳೆಯ ಕೆಲಸಗಾರ. ಕೆಲಸ ಏನೆಂದು ಕೇಳಿದ ಕೂಡಲೇ ಅವನು ಸ್ವರ ತಗ್ಗಿಸಿ, ‘ಬೀಟೆ ಬೇಕಾ?’ ಎಂದ. ಗಿಟಾರ್ ಎಂದರೆ ಬೀಟೆ ಎಂದು ಯಾರೋ ಅವನ ತಲೆಯಲ್ಲಿ ತುಂಬಿದ್ದಾರೆ. ಬೀಟೆಯ ಮಾತೆತ್ತಿದರೆ ಈ ಜಿಲ್ಲೆಯಲ್ಲಿ ಯಾರೇ ಆದರೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ. ಅರಣ್ಯ ಇಲಾಖೆಯ ಪಾಸ್ ಇಲ್ಲದೆ ಅದರ ತುಂಡೂ ಅಲುಗಾಡುವಂತಿಲ್ಲ. ನಮ್ಮ ಪುಣ್ಯಕ್ಕೆ ರೆಡ್ ಸ್ಪೆಷಲ್ಲಿನ ಕತ್ತಿನ ಮೇಲೆ ಬೆರಳಿಡುವ ಹಲಗೆ, ಅಂದರೆ ಫಿಂಗರ್‌ಬೋರ್ಡ್, ಕಪ್ಪು ಬಳಿದ ಓಕ್, ಬೀಟೆಯಲ್ಲ. ನಾವು ಮತ್ತಿ ಮರಕ್ಕೆ ಕಪ್ಪು ಬಳಿಯುವುದೆಂದು ತೀರ್ಮಾನವಾಯಿತು.

ತೊಡಕು ಬಂದದ್ದು ಫ್ರೆಟ್ಟುಗಳಲ್ಲಿ. ಕತ್ತಿನ ಮೇಲೆ ಅಡ್ಡಡ್ಡ ಕೂರಿಸುವ ಆ ಲೋಹದ ಪಟ್ಟಿಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ರೆಡ್ ಸ್ಪೆಷಲ್ಲಿನಲ್ಲಿ ತಂತಿ ನುಡಿಯುವ ಉದ್ದ 24 ಅಂಗುಲ. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಒಡಲಿನತ್ತ ಬರಬರುತ್ತ ಫ್ರೆಟ್ಟುಗಳ ನಡುವಿನ ಮನೆಗಳು ಕಿರಿದಾಗುತ್ತವೆ. ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 12 ಅಂಗುಲದಲ್ಲಿ. ಕೊನೆಯ ಇಪ್ಪತ್ತನಾಲ್ಕನೆಯದು 18 ಅಂಗುಲದಲ್ಲಿ. ಇದನ್ನೆಲ್ಲ ದೊಡ್ಡ ಕಾಗದದ ಮೇಲೆ ಬರೆದು, ಗೆರೆ ಎಳೆದು ಕೊಟ್ಟಿದ್ದೆ.

ಬಡಗಿ ಕತ್ತನ್ನು ಹೆಗಲ ಮೇಲಿಟ್ಟುಕೊಂಡು ನಗುನಗುತ್ತ ಬಂದ. ‘ನಿಮ್ಮ ನಕ್ಷೆಯಲ್ಲಿ ಏನೋ ಗಡಿಬಿಡಿ ಆಗಿತ್ತು, ಸರಿ ಮಾಡಿದ್ದೇನೆ’ ಎಂದ. 18 ಅಂಗುಲಕ್ಕೆ 24 ಮನೆ ಅಂದರೆ ಒಂದಕ್ಕೆ ಮುಕ್ಕಾಲು ಅಂಗುಲ, ಅಂದರೆ ಆರು ನೂಲು. ಲೆಕ್ಕ ಎಷ್ಟು ಚೆಂದ ಕೂತಿದೆ ನೋಡಿ ಎಂದು ಉಕ್ಕಿನ ಪಟ್ಟಿ ನನ್ನ ಕೈಗಿತ್ತ. ಅಳೆದೆ. ನಿಜಕ್ಕೂ ಆರು ನೂಲು. ಮೊದಲನೆಯದೂ ಆರು, ಕೊನೆಯದೂ ಆರು. ಕೂದಲೆಳೆಯ ವ್ಯತ್ಯಾಸವಿಲ್ಲ, ಫ್ರೆಟ್ಟಿನ ತುದಿಗಳನ್ನು ಬೆರಳಿಗೆ ತಾಗದಂತೆ ಉಜ್ಜಿ ದುಂಡಗೆ ಮಾಡಿದ್ದ. ಅಷ್ಟು ಶುದ್ಧವಾದ ಕೆಲಸವನ್ನು ನಾನು ಎಲ್ಲಿಯೂ ಕಂಡಿಲ್ಲ. ಮನೆಗಳು ಕಿರಿದಾಗುತ್ತ ಹೋಗಲೇಬೇಕೆಂದು ನಾನು ವಿವರಿಸತೊಡಗಿದರೆ ಅವನು ಒಂದೇ ಪ್ರಶ್ನೆ ಕೇಳಿದ: ‘ಹಾಗಾದರೆ ಹಾರ್ಮೋನಿಯಮ್ಮಿನ ಮನೆಗಳೆಲ್ಲ ಒಂದೇ ಅಗಲ ಏಕಿವೆ?’ ಪ್ರತಿ ಶನಿವಾರ ಭಜನೆಗೆ ಹಾರ್ಮೋನಿಯಂ ನುಡಿಸುವವನಿಗೆ ಏನೆಂದು ಉತ್ತರಿಸುವುದು? ಜಗುಲಿಯಲ್ಲಿದ್ದ ಅಪ್ಪ, ‘ಅವನು ಹೇಳುವುದು ಸರಿ ಇದೆಯಲ್ಲ’ ಎಂದ.

ತಂತಿ ಬಿಗಿದು ನೋಡಿದಾಗ ಹನ್ನೆರಡನೆಯ ಮನೆಯಲ್ಲಿ ಸಿಗಬೇಕಾದ ಮೇಲಿನ ಷಡ್ಜ ಹದಿನಾರನೆಯ ಮನೆಗೆ ಹೋಗಿ ಕುಳಿತಿತ್ತು. ಎರಡನೆಯ ಕತ್ತಿಗಾಗಿ ಆಯಿ ಮಂಚದ ಇನ್ನೊಂದು ಪಟ್ಟಿಯನ್ನೂ ಬಿಡಬೇಕಾಯಿತು. ಆಮೇಲೆ ಮಂಚ ನಾಲ್ಕು ಕಾಲುಗಳಷ್ಟೇ ಆಗಿ ಉಳಿಯಿತು. ಆದರೂ ಅಜ್ಜನ ಮಂಚವೇ. ಅದನ್ನು ಯಾರೂ ಮುಟ್ಟುವಂತಿಲ್ಲ.

ಸ್ಪ್ರಿಂಗಿನ ಕಥೆ ಸಣ್ಣದು. ನಮ್ಮ ಕಡೆ ಗ್ಯಾರೇಜುಗಳ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿರುವವೆಲ್ಲ ಯೆಜ್ಡಿ ಮತ್ತು ರಾಜ್‌ದೂತ್. ಎರಡೂ ಟೂ ಸ್ಟ್ರೋಕ್. ಆ ಎಂಜಿನ್ನುಗಳಲ್ಲಿ ವಾಲ್ವ್ ಸ್ಪ್ರಿಂಗ್ ಎಂಬುದೇ ಇರುವುದಿಲ್ಲ. ಕೊನೆಗೆ ಒಂದು ಬುಲೆಟ್ಟಿನದು ಸಿಕ್ಕಿತು. ಅದು ಎಷ್ಟು ಬಿಗಿ ಎಂದರೆ ಟ್ರೆಮೊಲೊ ಹಿಡಿಕೆಯನ್ನು ಒತ್ತಿದರೆ ಸ್ವರ ಬಾಗುವುದಿಲ್ಲ, ಹಿಡಿಕೆ ಬಾಗುತ್ತದೆ.

ಕತ್ತಿನ ಮೇಲಿನ ಚುಕ್ಕಿಗಳ ಚಿಪ್ಪಿಗಾಗಿ ಕಾರವಾರದ ಭಾವನಿಗೆ ಫೋನ್ ಮಾಡಿದ್ದು ನಮ್ಮ ಮನೆಯ ಶಾಂತಿಗೆ ಒಳ್ಳೆಯದಾಗಲಿಲ್ಲ. ಭಾವನೂ ಗಿಟಾರ್ ಪ್ರಿಯನೇ. ಫೆಂಡರ್ ಕಂಪನಿ ಹೊಸ ಗಿಟಾರಿನ ಬಣ್ಣವನ್ನು ಕೆರೆದು, ತುಕ್ಕು ಹಿಡಿಸಿ, ‘ರೆಲಿಕ್’ ಎಂದು ಹೆಸರಿಟ್ಟು ದುಬಾರಿ ಬೆಲೆಗೆ ಮಾರುತ್ತದೆ. ಕಾರವಾರದಲ್ಲಿ ಕಡಲ ಗಾಳಿ ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ ಎಂಬುದು ಅವನ ಹೆಮ್ಮೆ. ಕಾಳಿ ನದಿಯ ಅಳಿವೆಯಿಂದ ಒಂದು ಚೀಲ ಚಿಪ್ಪು ತರಿಸಿ ಬಸ್ಸಿಗೆ ಹಾಕಿಸಿದ. ಒಳಗಿನ ಜೀವವನ್ನು ತೆಗೆಸಿರಲಿಲ್ಲ. ಘಟ್ಟ ಹತ್ತುವಾಗ ಬಿಸಿಲಿತ್ತು. ಶಿರಸಿಯಲ್ಲಿ ಕಂಡಕ್ಟರ್ ಚೀಲವನ್ನು ನನಗೆ ಕೊಡಲಿಲ್ಲ. ನೆಲದ ಮೇಲಿಟ್ಟು ದೂರ ಸರಿದು ಬೆರಳು ಮಾಡಿ ತೋರಿಸಿದ. ಈರುಳ್ಳಿಗೂ ಮಡಿ ನೋಡುವ ನಮ್ಮ ಆಯಿ ಅಂದಿನಿಂದ ನನ್ನ ಕೆಲಸದ ಮೇಜಿನ ಹತ್ತಿರ ಹಾದುಹೋಗುವುದನ್ನೇ ಬಿಟ್ಟಳು.

ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪುಗಳನ್ನೂ ಬ್ರಯಾನ್ ಮೊದಲು ತಾವೇ ಮಾಡಿಕೊಂಡಿದ್ದರು. ಆಮೇಲೆ ಅಂಗಡಿಯ ಬರ್ನ್ಸ್ ಟ್ರೈ-ಸಾನಿಕ್ ತಂದು ಹಾಕಿದರು. ನಾನು ಮೊದಲಿನದರಿಂದಲೇ ಶುರು ಮಾಡಿದೆ, ನಕಲು ಎಂದರೆ ಪೂರ್ತಿ ನಕಲಾಗಬೇಕಲ್ಲ. ಪಂಪ್‌ಸೆಟ್ ಮೋಟಾರುಗಳನ್ನು ರಿವೈಂಡ್ ಮಾಡುವವನ ಬಳಿ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಕೇಳಿದರೆ, ‘ಇದರಲ್ಲಿ ಎಷ್ಟು ಎಚ್‌ಪಿ ತೆಗೆಯುತ್ತೀರಿ?’ ಎಂದ. ತಂತಿಯನ್ನು ಬೆಂಗಳೂರಿನಿಂದ ತರಿಸಿ, ಹೆಂಡತಿಯ ಹೊಲಿಗೆ ಯಂತ್ರದ ಚಕ್ರಕ್ಕೆ ಕಟ್ಟಿ ಸುತ್ತತೊಡಗಿದೆ. ಇಂಥ ಪಿಕಪ್ಪಿಗೆ ಸಾವಿರಾರು ಸುತ್ತು ಬೇಕು; ಬಾಯಲ್ಲಿ ಎಣಿಸುತ್ತ ಹೋಗಬೇಕು. ಲೆಕ್ಕ ನಾಲ್ಕಂಕಿ ದಾಟಿದ ಹೊತ್ತಿಗೆ ಸರಿಯಾಗಿ ಹೆಂಡತಿ ಬಾಗಿಲಲ್ಲಿ ನಿಂತು, ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ನಂಬರ್ ಓದಿ ಹೇಳುತ್ತಿದ್ದಳು. ನಮ್ಮ ಪಿಕಪ್ಪಿನಲ್ಲಿ ಎಷ್ಟು ಸುತ್ತುಗಳಿವೆ ಎಂಬುದು ಆ ಗ್ಯಾಸ್ ಏಜೆನ್ಸಿಯವರಿಗೇ ಗೊತ್ತು.

ಬಣ್ಣದ ವಿಷಯದಲ್ಲಿ ಮಾತ್ರ ಲಂಡನ್ನಿಗಿಂತ ನಾವು ಮುಂದು. ಅಡಿಕೆ ಬೇಯಿಸಿ ಉಳಿದ ಚೊಗರು ಹಂಡೆಗಟ್ಟಲೆ ಇತ್ತು. ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗದ ಆ ಕೆಂಪನ್ನು ಹಲಸಿಗೆ ಹಚ್ಚಿದಾಗ ಬಂದ ಬಣ್ಣವನ್ನು ನೋಡಿ ಬಡಗಿಯೂ ತಲೆದೂಗಿದ. ಅದರ ಮೇಲೆ ವಾರ್ನಿಷ್ ಬಳಿಯುವಾಗ ಆಷಾಢ ಬಂದಿತ್ತು. ಶಿರಸಿಯ ಆಷಾಢದಲ್ಲಿ ಚಾಪೆ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ, ವಾರ್ನಿಷ್ ಒಣಗುತ್ತದೆಯೇ? ಒಡಲನ್ನು ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿದೆ. ಹೊಗೆಯ ವಾಸನೆ ಹಿಡಿಯಿತು. ಒಂದು ಕಂದು ಪತಂಗ ಬಂದು ಕೆಳಗಿನ ಪಿಕಪ್ಪಿನ ಪಕ್ಕದಲ್ಲಿ ರೆಕ್ಕೆ ಅಗಲಿಸಿಕೊಂಡು ಅಂಟಿಕೊಂಡಿತು. ಮೂಲದಲ್ಲಿ ಪತಂಗ ಇಲ್ಲ.

ಜಗುಲಿಯಲ್ಲಿ ಆಂಪ್ಲಿಫೈಯರಿಗೆ ಸಿಕ್ಕಿಸಿದ ದಿನ ಮೊದಲು ಕೇಳಿಸಿದ್ದು ಗುಂಯ್ ಎಂಬ ಸದ್ದು. ಒಂದೇ ಸುರುಳಿಯ ಪಿಕಪ್ಪುಗಳು ಸುತ್ತಲಿನ ವಿದ್ಯುತ್ತಿನ 50 ಹರ್ಟ್ಸ್ ಗುಂಗನ್ನು ಹೀರಿಕೊಳ್ಳುತ್ತವೆ. ನಾವು ಸುತ್ತಿದ ಪಿಕಪ್ಪು ಬಾಯಿ ತೆರೆದು ಹೀರಿಕೊಳ್ಳುತ್ತಿತ್ತು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂತು. ಗೋಡೆಯ ಮೇಲಿನ ಸ್ಟಾರ್ಟರ್ ಡಬ್ಬಿ ಟಕ್ ಎಂದು ಪಂಪನ್ನು ಎಬ್ಬಿಸಿತು, ಗಿಟಾರ್ ಇಡೀ ಅಂಗಳಕ್ಕೆ ಕೇಳುವಂತೆ ಹೂಂಕರಿಸಿತು. ತೋಟದಿಂದ ಅಪ್ಪ ಓಡಿಬಂದ. ಬಯ್ಯಲು ಬಂದನೆಂದು ತಿಳಿದೆ. ಅವನ ಕಣ್ಣಲ್ಲಿ ಮೆಚ್ಚುಗೆ ಇತ್ತು.

ಈಗ ಗಿಟಾರನ್ನು ಜಗುಲಿಯ ಮೊಳೆಯಿಂದ ಇಳಿಸುವಂತಿಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿ ಇಡಬೇಕೆಂದು ಅಪ್ಪನ ಕಟ್ಟಪ್ಪಣೆ. ಅವನು ತೋಟದ ತುದಿಯಲ್ಲಿದ್ದರೂ ಕರೆಂಟ್ ಬಂದದ್ದು, ಹೋದದ್ದು ತಿಳಿಯುತ್ತದೆ. ಪಕ್ಕದ ಮನೆಯವರೂ ಅದನ್ನು ಕೇಳಿಯೇ ತಮ್ಮ ಪಂಪಿನ ಗುಂಡಿ ಒತ್ತುತ್ತಾರೆ. ಗಿಟಾರಿನ ಮೇಲಿರುವ ಆರು ಸ್ವಿಚ್ಚುಗಳಲ್ಲಿ ಕೆಳಗಿನ ತೋಟದ ಪಂಪಿನದು ಯಾವುದು ಎಂದು ಅಪ್ಪ ಮೊನ್ನೆ ಕೇಳಿದ.

ಹಾಗಾಗಿ ನುಡಿಸುವುದಕ್ಕೆಂದು ಇನ್ನೊಂದು ಕಟ್ಟುವುದು ಅನಿವಾರ್ಯ. ಈ ಸಲ ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲನ್ ತಾವೇ ಜೋಡಿಸಿಕೊಂಡ ಗಿಟಾರ್ ಫ್ರಾಂಕನ್‌ಸ್ಟ್ರಾಟ್. ಅದರಲ್ಲಿ ಹಂಬಕರ್ ಪಿಕಪ್ಪು. ಎರಡು ಸುರುಳಿಗಳು ಒಂದರ ಗುಂಗನ್ನು ಇನ್ನೊಂದು ಅಳಿಸುವುದರಿಂದ ಅಪ್ಪನಿಗೆ ಅದರಿಂದ ಪ್ರಯೋಜನವಿಲ್ಲ. ಬೇಕಾದದ್ದೂ ಹೆಚ್ಚೇನಿಲ್ಲ: ಅಡ್ಡಾದಿಡ್ಡಿ ಪಟ್ಟೆ ಬಳಿಯಲು ಟೇಪು ಮತ್ತು ಸೈಕಲ್ ಬಣ್ಣ, ಪಿಕಪ್ಪನ್ನು ಅದ್ದಲು ಕರಗಿಸಿದ ಮೇಣ, ಬೆನ್ನಿಗೆ ಅಂಟಿಸಲು ಸೈಕಲ್ಲಿನ ಕೆಂಪು ರಿಫ್ಲೆಕ್ಟರ್. ನಿನ್ನೆ ಊಟದ ಹೊತ್ತಿನಲ್ಲಿ ಈ ಪಟ್ಟಿಯನ್ನು ಹೇಳಿದೆ. ಇಂದು ಬೆಳಗ್ಗೆ ನೋಡಿದರೆ ಚಕ್ರವಿಲ್ಲದ ನಮ್ಮ ಹಳೆಯ ಸೈಕಲ್ ಕೊಟ್ಟಿಗೆಯಲ್ಲಿಲ್ಲ. ಅಜ್ಜನ ಸೈಕಲ್ ಅದು ಎಂದು ಆಯಿ ಕೋಣೆಯೊಳಗಿಟ್ಟು ಬೀಗ ಹಾಕಿದ್ದಾಳೆ.