ಹಾವುಮೀನು ಎಂಬ ಹೆಸರಿನ ಕಾನ್ಸಲ್

ಲ್ಯಾಟಿನ್ ಎಂದ ಕೂಡಲೇ ನಮಗೆ ಭಯಭಕ್ತಿ. ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ‘ಮುರೇನಾ ಹೆಲೆನಾ’, ‘ಸ್ಪಾರುಸ್ ಔರಾಟಾ’ ಎಂದು ಓರೆ ಅಕ್ಷರಗಳಲ್ಲಿ ಅಚ್ಚಾಗಿದ್ದರೆ ಮಂತ್ರದಂತೆ ಬಾಯಿಪಾಠ ಮಾಡುತ್ತೇವೆ. ಈ ಭಕ್ತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಈ ಮೀನುಗಳನ್ನು ಪಟ್ಟಿಗೆ ಸೇರಿಸುವಾಗ ಹೊಸ ಪದಗಳನ್ನೇನೂ ಟಂಕಿಸಲಿಲ್ಲ. ರೋಮನ್ನರು ಊಟದ ಮೇಜಿನಲ್ಲಿ ಆಡುತ್ತಿದ್ದ ಪದಗಳನ್ನೇ ಎತ್ತಿಕೊಂಡ. ಅವುಗಳಲ್ಲಿ ಮುರೇನಾ, ಸ್ಪಾರುಸ್ ಎರಡನ್ನೂ ರೋಮನ್ನರೇ ಗ್ರೀಕರಿಂದ ಕಡ ತಂದಿದ್ದರು.

ಅದೇ ಮೀನುಗಳು ದೊಡ್ಡ ಮನೆತನಗಳ ಹೆಸರಿನೊಳಗೂ ಈಜಿದವು. ಕ್ರಿ.ಪೂ. 62ರ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ, ಲೂಸಿಯಸ್ ಲಿಸಿನಿಯಸ್ ಮುರೇನಾ. ಲೂಸಿಯಸ್ ಅವನ ಸ್ವಂತ ಹೆಸರು, ಲಿಸಿನಿಯಸ್ ಕುಲದ ಹೆಸರು, ಕೊನೆಯದು ಹಾವುಮೀನು. ಚುನಾವಣೆಯಲ್ಲಿ ಲಂಚ ಹಂಚಿದ ಆರೋಪ ಅವನ ಮೇಲೆ ಬಂದಾಗ ವಕಾಲತ್ತು ವಹಿಸಿದವನು ಪ್ರಸಿದ್ಧ ವಾಗ್ಮಿ ಸಿಸೆರೊ. ಅವನ ಹೆಸರಿನ ಮೂಲ ‘ಸಿಸೆರ್’, ಅಂದರೆ ಕಡಲೆ. ಕಡಲೆಕಾಳು ವಾದಿಸಿ ಹಾವುಮೀನನ್ನು ಬಿಡಿಸಿತು! ಹೆಸರು ಬದಲಿಸಿಕೊ ಎಂದ ಗೆಳೆಯರಿಗೆ ಸಿಸೆರೊ, ಇದನ್ನೇ ಸ್ಕೌರಸ್, ಕಾಟುಲಸ್ ಎಂಬ ದೊಡ್ಡ ಮನೆತನಗಳ ಹೆಸರುಗಳಿಗಿಂತ ಹೆಚ್ಚು ಪ್ರಸಿದ್ಧಗೊಳಿಸುತ್ತೇನೆ ಎಂದನಂತೆ. ಕಾಟುಲಸ್ ಎಂದರೂ ನಾಯಿಮರಿಯೇ, ಆ ಮಾತು ಬೇರೆ.

ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲಾಗೆ ಇದೆಲ್ಲ ಸಹಿಸಲಿಲ್ಲ. ಹಿಂದಿನವರು ಸ್ಪೇನಿನ ನುಮಾಂಟಿಯಾ ನಗರವನ್ನು ಗೆದ್ದು ‘ನುಮಾಂಟಿನಸ್’ ಎನಿಸಿಕೊಂಡರು, ಆಮೇಲಿನವರು ಹಿಡಿದ ಮೀನಿನ ಹೆಸರಿನಿಂದ ಬೀಗಿದರು ಎಂದು ಚುಚ್ಚಿದ. ಅವನು ಹೆಸರಿಸಿದ ಇನ್ನೊಬ್ಬ ಸೆರ್ಗಿಯಸ್ ಒರಾಟಾ. ನೇಪಲ್ಸ್ ಹತ್ತಿರದ ಕಡಲತೀರದ ಊರಾದ ಬಾಯೆಯ ಬಳಿ ಆಯ್‌ಸ್ಟರ್ ಸಿಂಪಿಗಳನ್ನು ಬೆಳೆಸಿ ಹಣ ಮಾಡಿದ ಆಸಾಮಿ ಇವನು. ನೆಲದಡಿಯಿಂದ ಬಿಸಿಯಾಗುವ ಸ್ನಾನಗೃಹಗಳ ಕೀರ್ತಿಯೂ ಇವನದೇ. ಲುಕ್ರಿನಸ್ ಸರೋವರದ ವ್ಯಾಜ್ಯದಲ್ಲಿ ವಾಗ್ಮಿ ಕ್ರಾಸಸ್, ಇವನನ್ನು ಅಲ್ಲಿಂದ ಓಡಿಸಿದರೆ ಹೆಂಚಿನ ಮೇಲೂ ಸಿಂಪಿ ಬೆಳೆದಾನು ಎಂದು ನಗಿಸಿದ್ದನಂತೆ. ಇದೇ ಕ್ರಾಸಸ್ ತಾನು ಸಾಕಿದ ಹಾವುಮೀನು ಸತ್ತಾಗ ಸೂತಕದ ಬಟ್ಟೆ ತೊಟ್ಟು ಅತ್ತವನು. ಅವನ ಸಹ-ಅಧಿಕಾರಿ ಡೊಮಿಟಿಯಸ್ ಹಂಗಿಸಿದಾಗ, ನೀನು ಮೂವರು ಹೆಂಡಿರನ್ನು ಮಣ್ಣುಮಾಡಿ ಒಂದು ಹನಿಯನ್ನೂ ಹಾಕಲಿಲ್ಲ ಎಂದುಬಿಟ್ಟ.

‘ಔರಾಟಾ’ ಎಂದರೆ ಹೊನ್ನಿನದು. ಆ ಮೀನಿನ ಕಣ್ಣುಗಳ ನಡುವೆ ಬಂಗಾರದ ಪಟ್ಟಿಯೊಂದಿದೆ. ಹಳ್ಳಿಗರ ಬಾಯಲ್ಲಿ ‘ಔ’ ಸವೆದು ‘ಒ’ ಆಗುತ್ತಿತ್ತು, ಆದ್ದರಿಂದ ‘ಒರಾಟಾ’. ಹಾಗಾದರೆ ಸೆರ್ಗಿಯಸ್‌ಗೆ ಆ ಹೆಸರು ಬಂದದ್ದು ಮೀನಿನಿಂದಲೇ? ಕೊಲುಮೆಲ್ಲಾ ಹೌದೆನ್ನುತ್ತಾನೆ. ನಿಘಂಟುಕಾರ ಫೆಸ್ಟಸ್ ಮಾತ್ರ, ಅವನು ಎರಡು ದಪ್ಪ ಚಿನ್ನದ ಉಂಗುರ ಹಾಕುತ್ತಿದ್ದನಾದ್ದರಿಂದ ಹಾಗೆ ಕರೆದರು ಎನ್ನುತ್ತಾನೆ. ನನ್ನ ಮತ ಉಂಗುರಕ್ಕೆ. ಸಿಂಪಿಯಿಂದ ಸಾಹುಕಾರನಾದವನನ್ನು ಊರವರು ಅಡ್ಡಹೆಸರಿಟ್ಟು ಆಡಿಕೊಳ್ಳುವಾಗ ಮೊದಲು ನೋಡುವುದು ಅವನ ಬೆರಳನ್ನೇ.