48 ಕಿ.ಮೀ. ಹೊಡೆಯುವ ಫಿರಂಗಿ ಇದ್ದರೆ ಸಾಕೇ? ಒಂದು ಸ್ಪಷ್ಟನೆ

ನಮ್ಮ ಜಯನಗರದ ವಾಕಿಂಗ್ ಗ್ರೂಪಿನಲ್ಲಿ ಮೂರು ದಿನದಿಂದ ಒಂದು ಫಾರ್ವರ್ಡ್ ಸುತ್ತುತ್ತಿದೆ: "ಬೆಂಗಳೂರಲ್ಲಿ ಹುಟ್ಟಿದ ಎಟಿಎಜಿಎಸ್ 48 ಕಿ.ಮೀ. ಹೊಡೆಯುತ್ತೆ, ಅಮೆರಿಕದ ಎಂ777 ಬರೀ 30. ಅದನ್ನು 145 ಕೊಂಡಿದ್ದು ದಂಡ." ಎಟಿಎಜಿಎಸ್ ನಮ್ಮ ದೇಶದ್ದೇ ಫಿರಂಗಿ, ಎಂ777 ನಮ್ಮ ಸೇನೆ ಅಮೆರಿಕದಿಂದ ಕೊಂಡ ಫಿರಂಗಿ. ದೂರದ ಅಂಕಿಗಳು ಹೆಚ್ಚುಕಮ್ಮಿ ಸರಿ, ತೀರ್ಮಾನ ತಪ್ಪು.

ಎಟಿಎಜಿಎಸ್ ತೂಕ ಸುಮಾರು 18 ಟನ್. ಟೈಟಾನಿಯಂ ಬಳಸಿದ ಎಂ777 ಬರೀ 4.2 ಟನ್ ಆಸುಪಾಸು. ನಂದಿಬೆಟ್ಟದ ತಿರುವಿನಲ್ಲಿ ಎದುರಿಗೆ ಬಸ್ ಬಂದರೆ ನಮ್ಮ ಕಾರನ್ನೇ ಹಿಂದಕ್ಕೆ ತೆಗೆಯಬೇಕು. ಅಂಥಲ್ಲಿ 18 ಟನ್ ಫಿರಂಗಿಯನ್ನು ಲಾರಿಗೆ ಕಟ್ಟಿ ಎಳೆಯುವುದನ್ನು ಊಹಿಸಿಕೊಳ್ಳಿ. ರಸ್ತೆಯೇ ಇಲ್ಲದ ಕಡೆ ಎಂ777 ಅನ್ನು ಚಿನೂಕ್ ಹೆಲಿಕಾಪ್ಟರಿನ ಹೊಟ್ಟೆಯಡಿ ನೇತುಹಾಕಿಕೊಂಡು ಹೋಗಬಹುದು.

ಇನ್ನು, ಬೆಟ್ಟಗಳ ನಡುವಿನ ಯುದ್ಧದಲ್ಲಿ ಶತ್ರು ಎಷ್ಟೋ ಸಲ ಕೂತಿರುವುದು ಗುಡ್ಡದ ಆಚೆ ಇಳಿಜಾರಿನಲ್ಲಿ. ಗುಂಡು ಶಿಖರ ದಾಟಿ ಕಡಿದಾಗಿ ಬೀಳಬೇಕೆಂದರೆ ನಳಿಕೆ 45 ಡಿಗ್ರಿಗಿಂತ ಮೇಲೇಳಬೇಕು. ಹಳೆಯ ರಷ್ಯನ್ 130 ಎಂಎಂ ಫಿರಂಗಿ ಅಲ್ಲಿಗೇ ನಿಲ್ಲುತ್ತದೆ. ಬೋಫೋರ್ಸ್ 70ರ ಹತ್ತಿರ ಏಳುತ್ತದೆ. 1999ರಲ್ಲಿ ಕಾರ್ಗಿಲ್‌ನಲ್ಲಿ ಅದು ಕೈಹಿಡಿದದ್ದಕ್ಕೆ ಇದೂ ಒಂದು ಕಾರಣ.

"ಎತ್ತರದಲ್ಲಿ ಗಾಳಿ ತೆಳು, ಗುಂಡು ಹತ್ತಿರವೇ ಬೀಳುತ್ತೆ" ಅಂತಲೂ ಬರೆದಿದ್ದಾರೆ. ಪೂರ್ತಿ ಉಲ್ಟಾ! ತೆಳು ಗಾಳಿಯಲ್ಲಿ ತಡೆ ಕಡಿಮೆ, ಗುಂಡು ಇನ್ನೂ ದೂರ ಹೋಗುತ್ತದೆ. ಚಳಿಯಲ್ಲಿ ಗುಂಡನ್ನು ತಳ್ಳುವ ಸಿಡಿಮದ್ದು ನಿಧಾನ ಉರಿದು ಸ್ವಲ್ಪ ವೇಗ ಕಳೆಯುವುದು ನಿಜ. ಅದನ್ನೂ ಲೆಕ್ಕ ಹಿಡಿದೇ ಗುರಿ ಇಡುತ್ತಾರೆ.

ಅಂದಹಾಗೆ, ಎಟಿಎಜಿಎಸ್ ಬೆಂಗಳೂರಿನದ್ದಲ್ಲ, ಡಿಆರ್‌ಡಿಒದ ಪುಣೆ ಪ್ರಯೋಗಾಲಯದ ವಿನ್ಯಾಸ. 2025ರ ಮಾರ್ಚ್‌ನಲ್ಲಿ ಅಂಥ 307 ಫಿರಂಗಿಗಳಿಗೆ ಒಪ್ಪಂದವೂ ಆಗಿದೆ.